ಎರಡು ಕೀಲಿ

ಗರ್ಭಗುಡಿಯ ಒಂದೇ ಬಾಗಿಲಿಗೆ ಎರಡು ಕೀಲಿ, ಅಂದರೆ ಎರಡು ಬೀಗ, ಏಕೆಂದು ಪಿಲಾರ್ ಇಂಗ್ಲಿಷಿನಲ್ಲಿ ಕೇಳಿದಾಗ ಶ್ರೀಪಾದ ಮಾಸ್ತರರು ತಮ್ಮ ಕೀಲಿ ತೆಗೆದು ಬದಿಗೆ ಸರಿದು ನಿಂತಿದ್ದರು. ಇನ್ನೊಂದು ಅಣ್ಣ ರಾಮಚಂದ್ರರದು. ಅವರು ಬರುವತನಕ ಲಕ್ಷ್ಮೇಶ್ವರದ ಆ ವಿಠಲನಿಗೂ ಬೆಳಗಾಗುವಂತಿರಲಿಲ್ಲ.

"ಕಾನ್‌ಫ್ಲಿಕ್ಟ್," ಎಂದರು ಮಾಸ್ತರರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ದೊಡ್ಡ ಶಬ್ದ ಸಿಕ್ಕರೆ ಸಣ್ಣದನ್ನು ಮುಟ್ಟುವವರಲ್ಲ.

ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಗುಡಿಗಳ ಬಗ್ಗೆ ಬರೆಯಲು ಸ್ಪೇನಿನಿಂದ ಬಂದಿದ್ದ ಪಿಲಾರ್‌ಗೆ ಅಷ್ಟು ಸಾಲಲಿಲ್ಲ. ತನ್ನ ಭಾಷೆಯಲ್ಲಿ ಏನೆಂದು ಬರೆಯಲಿ? ಕೈಕೈ ಮಿಲಾಯಿಸಿದ್ದರೆ ಪೆಲೆಯಾ, ಕೋರ್ಟಿಗೆ ಹೋಗಿದ್ದರೆ ಪ್ಲೇಯ್ತೊ. ಇದು ಯಾವುದು?

ಎರಡೂ ಅಲ್ಲ. ತಂದೆ ತೀರಿಕೊಂಡ ವರ್ಷ ಪೂಜೆಯ ಪಾಳಿಗಾಗಿ ಅಣ್ಣತಮ್ಮಂದಿರಲ್ಲಿ ಮಾತಿಗೆ ಮಾತು ಬೆಳೆದಿತ್ತು. ಊರ ಹಿರಿಯರು ಕೋರ್ಟಿಗೆ ಹೋಗಗೊಡದೆ ಇಬ್ಬರಿಗೂ ಒಂದೊಂದು ಕೀಲಿ ಕೊಟ್ಟು ಕೂಡಿಸಿದ್ದರು. ಕೂಡಿದ್ದು ಕೀಲಿಗಳಷ್ಟೇ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಎರಡು ಭಾಷೆ ಬಲ್ಲ ಮಾಸ್ತರರು ಅಂದಿನಿಂದ ಅಣ್ಣನೊಂದಿಗೆ ಒಂದು ಮಾತೂ ಆಡಿರಲಿಲ್ಲ.

ರಾಮಚಂದ್ರರು ಕೆಮ್ಮುತ್ತ, ಗೋಡೆ ಹಿಡಿದು ಬಂದರು. ಅವರನ್ನೇ ಕೇಳಿ ಎಂದಳು ಪಿಲಾರ್.

ಮಾಸ್ತರರು ಕಂಬದ ಕಡೆ ನೋಡುತ್ತ ಹೇಳಿದರು. "ಎರಡು ಕೀಲಿ ಯಾಕ ಅಂತ ಕೇಳ್ಲಿಕತ್ತಾರ, ಈ ಪರದೇಶದ ಬಾಯಾರು. ನಮ್ಮ ಜಗಳಕ್ಕ ಏನಂತ ಬರೀಬೇಕಂತ."

ಇಷ್ಟು ವರ್ಷಕ್ಕೆ ತಮ್ಮನ ದನಿ. ರಾಮಚಂದ್ರರ ಕೈ ಕೀಲಿಯ ಮೇಲೇ ನಿಂತಿತು.

"ಜಗಳಗಿಗಳ ಏನೂ ಇಲ್ಲಂತ ಹೇಳಪಾ. ನನ್ನ ತಮ್ಮ ಸಿಟ್ಟಾಗ್ಯಾನ, ಅಷ್ಟಽ. ಕೀಲಿಕೈ ಮಗನ ಕೈಯಾಗ ಕಳಸಬಹುದಿತ್ತು. ಇವತ್ತಲ್ಲ ನಾಳೆ ಮಾತಾಡ್ಯಾನು ಅಂತ ದಿನಾ ನಾನಽ ಬರತೇನಿ. ಹಂಗಂತ ಹೇಳು."

ಅದನ್ನು ಇಂಗ್ಲಿಷಿನಲ್ಲಿ ಹೇಳಲು ದೊಡ್ಡ ಶಬ್ದವೇನೂ ಬೇಕಿರಲಿಲ್ಲ. 'ಅಣ್ಣಾ' ಎಂಬುದು ಮಾಸ್ತರರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪರದೇಶದ ಹೆಣ್ಣುಮಗಳ ಮುಂದೆ ತಾನೊಬ್ಬ ಮುನಿಸಿಕೊಂಡ ಹುಡುಗನಾಗುವುದೇ? ಅಣ್ಣ ಕೋರ್ಟಿನ ಶಬ್ದವನ್ನೇ ಬರೆಯಲು ಹೇಳಿದನೆಂದು ಮಾಸ್ತರರು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಅವಳು 'ಪ್ಲೇಯ್ತೊ' ಎಂದು ಬರೆದುಕೊಂಡಳು.

ಇಂಗ್ಲಿಷ್ ಬಾರದ ರಾಮಚಂದ್ರರು ತಮ್ಮನ ಮುಖವನ್ನೇ ನೋಡುತ್ತಿದ್ದರು.

"ಹೇಳಿದ್ಯಾ?"

"ಹೂಂ. ಬರಕೊಂಡ್ರು."

ರಾಮಚಂದ್ರರು ಇನ್ನೂ ಸ್ವಲ್ಪ ಹೊತ್ತು ಕಾಯ್ದರು. ಆಮೇಲೆ ತಮ್ಮ ಕೀಲಿ ತೆಗೆದರು.

ಆ ಶ್ರಾವಣದಲ್ಲಿ ಅವರು ತೀರಿಹೋದರು. ಅತ್ತಿಗೆ ಭಾಗೀರಥಿಬಾಯಿ ಕೀಲಿಕೈ ತಂದು, "ಇನ್ನ ಎರಡೂ ನಿಮ್ಮವಽ," ಎಂದು ಗುಡಿಯ ಕಟ್ಟೆಯ ಮೇಲಿಟ್ಟು ಹೋದರು. ಅಂದು ನುಂಗಿದ ಮಾತಿಗಾಗಿ ಮಾಸ್ತರರು ಮರುಗದ ದಿನವಿಲ್ಲ. ಒಬ್ಬರಿಗೆ ಎರಡು ಕೀಲಿ ಯಾಕ್ರಿ ಎಂದು ಜನ ಅಂದರೂ ಅವರು ಅಣ್ಣನದನ್ನು ತೆಗೆಸಲಿಲ್ಲ.

ಈಗಲೂ ಬೆಳಿಗ್ಗೆ ಮೊದಲು ತಮ್ಮ ಕೀಲಿ ತೆಗೆಯುತ್ತಾರೆ. ಜನಿವಾರಕ್ಕೆ ಇನ್ನೊಂದು ಕೀಲಿಕೈ ಕಟ್ಟಿಕೊಂಡೇ, ಬದಿಗೆ ಸರಿದು ಜಾಗ ಬಿಟ್ಟು ನಿಲ್ಲುತ್ತಾರೆ.