ದೊಡ್ಡ ಟೀಚರ್ ಆಗುವ ಆಟ

ಚಿಕ್ಕ ಟೀಚರ್ ಆ ಶಿಶುವಿಹಾರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಮುಖ್ಯೋಪಾಧ್ಯಾಯಿನಿ ದೊಡ್ಡ ಟೀಚರ್‌ಗೆ, "ಈ ಸಲ ಟೀಚರ್‌ಗಳ ತರಬೇತಿಯಲ್ಲಿ ಮಕ್ಕಳ ಮನಸ್ಸಿನ ಪಾಠ ಅವಳೇ ಹೇಳಲಿ ಬಿಡಿ. ನೀವು ಆರಾಮಾಗಿ ಕೂತು ಕೇಳಿ," ಎಂದುಬಿಟ್ಟರು. ದೊಡ್ಡ ಟೀಚರ್ "ಅದಕ್ಕೇನಂತೆ" ಎಂದು ನಕ್ಕರು. ಮಗು ಹೇಗೆ ಕಲಿಯುತ್ತದೆ, ಯಾವ ವಯಸ್ಸಿಗೆ ಯಾವ ತಿಳಿವಳಿಕೆ ಬರುತ್ತದೆ ಎಂಬ ಸಿದ್ಧಾಂತಗಳನ್ನೆಲ್ಲ ಹೊಸ ಟೀಚರ್‌ಗಳಿಗೆ ಅರೆದು ಕುಡಿಸಿದ್ದು ಇಷ್ಟು ವರ್ಷವೂ ಅವರೇ. ಈಗ ನಿನ್ನೆ ಮೊನ್ನೆ ಕಣ್ಣುಬಿಟ್ಟವಳ ಮುಂದೆ ಕೈಕಟ್ಟಿ ಕೂರಬೇಕೆ?

ತರಬೇತಿ ಹೋದರೆ ಹೋಗಲಿ, ಮಕ್ಕಳಾದರೂ ತನ್ನ ಕಡೆ ಇದ್ದರೆ ಸಾಕಿತ್ತು. ಆಟದ ಹೊತ್ತಿನಲ್ಲಿ ಇಬ್ಬರ ಕೋಣೆಗಳ ನಡುವಿನ ಬಾಗಿಲು ತೆರೆದಿರುತ್ತಿತ್ತು. ಮಕ್ಕಳು ಇಷ್ಟ ಬಂದ ಕಡೆ ಆಡಬಹುದು. ಇತ್ತೀಚೆಗೆ ಗಂಟೆ ಹೊಡೆದ ಕೂಡಲೇ ದೊಡ್ಡ ಟೀಚರ್ ಕೋಣೆಯ ಮಕ್ಕಳೂ ಅತ್ತ ಓಡುತ್ತಿದ್ದವು. ಅವಳಲ್ಲಿ ಅಂಥದ್ದೇನಿದೆ? ಅದೇ ಮರದ ತುಂಡುಗಳು, ಅದೇ ಜೇಡಿಮಣ್ಣು!

"ಬಹುಮಾನದ ಆಸೆಗೆ ಕಲಿತದ್ದು ಬಹುಮಾನ ನಿಂತ ದಿನ ನಿಲ್ಲುತ್ತದೆ" ಎಂದು ತರಬೇತಿಯಲ್ಲಿ ಸಾರುತ್ತಿದ್ದ ಅದೇ ಬಾಯಿ, ಈಗ "ಇಲ್ಲೇ ಆಡುವವರಿಗೆ ಹೊಳೆಯೋ ನಕ್ಷತ್ರ!" ಎಂದಿತು. ಹೇಳೋದು ಶಾಸ್ತ್ರ, ಹಾಕೋದು ಗಾಳ. ಮಕ್ಕಳು ಬಂದವು, ಹಣೆಗೆ ನಕ್ಷತ್ರ ಅಂಟಿಸಿಕೊಂಡವು, ಅದನ್ನು ಚಿಕ್ಕ ಟೀಚರ್‌ಗೆ ತೋರಿಸಲು ಓಡಿದವು.

ಅಲ್ಲಿಂದಾಚೆ ಆಟದ ಹೊತ್ತೆಲ್ಲ ದೊಡ್ಡ ಟೀಚರ್‌ಗೆ ಬಾಗಿಲ ಬಳಿಯೇ ಕೆಲಸ. ಯಾರು ಹೋದರು, ಯಾರು ಅವಳ ಮಡಿಲೇರಿದರು, ಎಲ್ಲ ನೋಡಬೇಕು. ಅವಳ ನಗು ಕೇಳಿದರೆ ಉರಿ. ಕೇಳದಿದ್ದರೆ ಏನು ಗುಟ್ಟು ನಡೆದಿದೆಯೋ ಎಂದು ಇನ್ನಷ್ಟು ಉರಿ. "ಬನ್ನಿ ಟೀಚರ್, ನೀವೂ ಕೂತ್ಕೊಳ್ಳಿ," ಎಂದು ಅವಳು ಕರೆದರೆ, "ನನಗೇನು ಬೇರೆ ಕೆಲಸ ಇಲ್ವಾ?" ಎಂದು ಮುಖ ತಿರುಗಿಸಿ, ಮತ್ತೆ ಅಲ್ಲೇ ನಿಲ್ಲುತ್ತಿದ್ದರು.

ಒಂದು ದಿನ ಚಿಕ್ಕ ಟೀಚರ್ ಕೋಣೆಯಲ್ಲಿ ಮಕ್ಕಳು ಶಾಲೆಯಾಟ ಹೂಡಿದವು. "ನಾನು ಚಿಕ್ಕ ಟೀಚರ್!" "ಇಲ್ಲ, ನಾನು!" ಎಂದು ಜುಟ್ಟು ಹಿಡಿಯುವಷ್ಟು ಜಗಳ. ಬಾಗಿಲಾಚೆ ಗೋಡೆಯ ಮರೆಯಲ್ಲಿ ನಿಂತ ದೊಡ್ಡ ಟೀಚರ್ ಉಸಿರು ಬಿಗಿಹಿಡಿದರು. ಒಂದು ಬಾಯಲ್ಲಾದರೂ ತನ್ನ ಹೆಸರು ಬರಬಾರದೇ?

"ನಾನು ದೊಡ್ಡ ಟೀಚರ್ ಆಗ್ತೀನಿ," ಎಂದಳು ಬಾಯಿಬಡುಕಿ ಎಂದೇ ಹೆಸರಾಗಿದ್ದ ಪುಟ್ಟ ಹುಡುಗಿ.

ದೊಡ್ಡ ಟೀಚರ್ ಕಣ್ಣು ತುಂಬಿ ಬಂತು. ನನ್ನ ಬಂಗಾರ, ನೀನೊಬ್ಬಳಾದರೂ ಮರೆಯಲಿಲ್ಲವಲ್ಲ!

ಹುಡುಗಿ ನೇರ ಬಾಗಿಲಿಗೇ ಬಂದಳು. ಚೌಕಟ್ಟಿಗೆ ಅರ್ಧ ಮೈ ಮರೆಮಾಡಿ, ತುಟಿ ಸೊಟ್ಟ ಮಾಡಿ, ಒಂದೇ ಕಣ್ಣಲ್ಲಿ ಕೋಣೆಯೊಳಗೆ ಇಣುಕುತ್ತ ನಿಂತಳು. ಹಿಂದೆಯೇ ಯಾರಿದ್ದಾರೆಂದು ಅವಳಿಗೆ ತಿಳಿಯದು.

"ಪಾಠ ಮಾಡೇ!" ಎಂದಿತು ಇನ್ನೊಂದು ಮಗು.

"ದೊಡ್ಡ ಟೀಚರ್ ಪಾಠ ಮಾಡಲ್ಲ ಕಣೇ. ಹೀಗೆ ನೋಡ್ತಾ ಇರ್ತಾರೆ. ಕರೆದ್ರೆ ಸಿಟ್ಟು ಮಾಡ್ಕೋತಾರೆ."

ಚಿಕ್ಕ ಟೀಚರ್ ಗಾಬರಿಯಿಂದ ಎದ್ದಳು. "ಸಾಕು ಪುಟ್ಟಿ, ಬೇರೆ ಆಟ ಆಡೋಣ ಬಾ."

ಹುಡುಗಿ ತಿರುಗಿದಳು. ದೊಡ್ಡ ಟೀಚರನ್ನು ಕಂಡು ಅವಳು ಹೆದರಲಿಲ್ಲ, ಮುಖ ಅರಳಿತು.

"ಟೀಚರ್, ನಾನು ಸರಿಯಾಗಿ ಮಾಡಿದ್ನಾ?"

ದೊಡ್ಡ ಟೀಚರ್ ಹುಡುಗಿಯ ಮುಂದೆ ಮೊಣಕಾಲೂರಿ ಕೂತರು.

"ಹೂಂ ಕಣಮ್ಮ," ಎಂದರು. "ಒಂಚೂರೂ ತಪ್ಪಿಲ್ಲ."