ಅಂಜಲೈಯ ಮುಖದ ಅಚ್ಚು

"ಇನ್ನು ಬಾಯಿ ಬಿಡಬೇಡಮ್ಮಾ. ತುಟಿ ಅಲ್ಲಾಡಿದರೆ ಎಲ್ಲಾ ಹಾಳು," ಎಂದು ಯೋಗನಾಥನ್ ಕೊನೆಯ ಪಟ್ಟಿಯನ್ನು ನೀರಿಗೆ ಅದ್ದಿದ.

"ಬಾಯಿ ಬಿಟ್ಟು ನಾನೇನು ತೋಟದ ದೊರೆಯ ಬಂಗಲೆ ಸಂಪಾದಿಸಿದೆನಾ? ಮುಚ್ಚೋ," ಎಂದಳು ಅಂಜಲೈ.

ತುಟಿಯ ಮೇಲೂ ಬಿಳಿ ಪಟ್ಟಿ ಕೂತಿತು. ಮೂಳೆ ಮುರಿದವರಿಗೆ ಆಸ್ಪತ್ರೆಯಲ್ಲಿ ಸುತ್ತುತ್ತಾರಲ್ಲ, ಅದೇ ಗಾರೆಪಟ್ಟಿ. ಎಪ್ಪತ್ತೆರಡು ವರ್ಷದ ಮುಖ ಪೂರ್ತಿ ಮರೆಯಾಯಿತು. ಉಸಿರಿಗೆಂದು ಮೂಗಿನಲ್ಲಿ ಎರಡು ಸಣ್ಣ ಕೊಳವೆ, ಸುತ್ತ ಹತ್ತಿ. ಗದ್ದ ಜಾರದಂತೆ ನೆತ್ತಿಗೆ ಎಳೆದು ಕಟ್ಟಿದ ಬಟ್ಟೆ. ಲೈನುಮನೆಯ ಜಗಲಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿಸಿದ್ದ. ಪಟ್ಟಿ ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕು. ಹೆಂಗಸರೆಲ್ಲ ತೋಟಕ್ಕೆ ಚಹಾ ಎಲೆ ಕೀಳಲು ಹೋಗಿದ್ದರಿಂದ ಲೈನು ನಿಶ್ಶಬ್ದವಾಗಿತ್ತು.

ಬರೀ ಚಿತ್ರ ಬಿಡಿಸುವವನು ಎಂದರೆ ಯೋಗನಾಥನಿಗೆ ಸಿಟ್ಟು ಬರುತ್ತಿತ್ತು. ಗಾರೆ, ಬಟ್ಟೆ, ಚಹಾದ ಕಸ, ಜನರ ದನಿ, ಏನು ಸಿಕ್ಕರೂ ಸೇರಿಸಿ ಕೆಲಸ ಮಾಡುವವನು ಅವನು. ಮುಂದಿನ ತಿಂಗಳು ಕೊಲಂಬೊದಲ್ಲಿ ಅವನದೇ ಒಂದು ಪ್ರದರ್ಶನವಿತ್ತು. ಸಿಂಹಳರಿಗೆ ಅವನು ಇಂಡಿಯಾದವನು, ಜಾಫ್ನಾದ ತಮಿಳರಿಗೆ ತೋಟದ ಕೂಲಿಯ ಮಗ. ನಲವತ್ತೆರಡು ವರ್ಷ ಇದನ್ನೇ ಕೇಳಿ ಸಾಕಾಗಿತ್ತು. ಪ್ರದರ್ಶನದಲ್ಲಿ ಕತ್ತಲ ಕೋಣೆಯ ನಡುವೆ ಹೆತ್ತವಳ ಮುಖ, ಸುತ್ತ ಲೈನಿನ ಸದ್ದು. 'ನೋಡಿ, ನಾನು ಇಲ್ಲಿಂದ ಬಂದವನು' ಎಂದು ಎಲ್ಲರ ಎದುರು ಒಮ್ಮೆ ಹೇಳಿ ಮುಗಿಸಬೇಕಿತ್ತು.

ಸದ್ದುಗಳೆಲ್ಲ ರೆಕಾರ್ಡರಿಗೆ ಸಿಕ್ಕಿದ್ದವು, ಒಪ್ಪಾರಿ ಒಂದನ್ನು ಬಿಟ್ಟು. ಹೆಣದ ಮುಂದೆ ಎದೆ ಬಡಿದುಕೊಂಡು ಹಾಡುವ ಆ ಹಾಡನ್ನು ಮೇಲಿನ ಲೈನಿನ ಮರುದಾಯಿಯಷ್ಟು ಚೆನ್ನಾಗಿ ಹಾಡುವವರು ತೋಟದಲ್ಲೇ ಇರಲಿಲ್ಲ. ಮೂರು ದಿನ ಅವಳ ಬೆನ್ನು ಬಿದ್ದಿದ್ದ. "ಸಾವಿಲ್ಲದ ಮನೇಲಿ ಒಪ್ಪಾರಿ ಹಾಡ್ತಾರೇನೋ, ಮಂಗಾ? ನಿನ್ನ ಆ ಪೆಟ್ಟಿಗೆಗೋಸ್ಕರ ಈಗ ಯಾರನ್ನ ಸಾಯಿಸಲಿ?" ಎಂದು ಅವಳು ಬೈದು ಕಳಿಸಿದ್ದಳು.

ಆ ಮರುದಾಯಿಯೇ ಈಗ ಕೋಲೂರಿಕೊಂಡು, ಒಂದು ಬಟ್ಟಲು ಹಲಸಿನ ಪಲ್ಯ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಜುಮಂಜಾಗಿ ಅವಳಿಗೆ ಕಂಡದ್ದಿಷ್ಟು: ಚಾಪೆ, ಗದ್ದಕ್ಕೆ ಕಟ್ಟಿದ ಬಟ್ಟೆ, ಮೂಗಿಗೆ ಹತ್ತಿ, ಬೆಳ್ಳಗೆ ಬಿಳಿಚಿದ ಮುಖ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಮಗ. ಬಟ್ಟಲು ಕೈಜಾರಿ ಬಿತ್ತು.

"ಅಯ್ಯೋ ನನ್ನಕ್ಕಾ!"

ಯೋಗನಾಥನಿಗೆ ನಗು ಬಂತು. 'ಸತ್ತಿಲ್ಲ ಅತ್ತೆ' ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದ. ರೆಕಾರ್ಡರು ಬೆಳಗ್ಗಿನಿಂದ ಓಡುತ್ತಲೇ ಇತ್ತು. ಇಂಥ ಒಪ್ಪಾರಿ ಇನ್ನೊಮ್ಮೆ ಎಲ್ಲಿ ಸಿಗಬೇಕು? ಎರಡೇ ನಿಮಿಷ, ಆಮೇಲೆ ಹೇಳಿದರಾಯಿತು. ಅಂಜಲೈ ಕೈಯೆತ್ತಿ ಬೀಸತೊಡಗಿದಳು. ಅವನು ಆ ಕೈಯನ್ನು ಮೆಲ್ಲಗೆ ಚಾಪೆಗೆ ಒತ್ತಿ ಹಿಡಿದ. ನಾಚಿಕೆಗೆಟ್ಟ ಕೆಲಸವೇ ಅದು, ಅವನಿಗೂ ಗೊತ್ತಿತ್ತು.

ಮರುದಾಯಿ ಕಾಲ ಬಳಿ ಕುಸಿದು ಕೂತು ದನಿ ಎತ್ತಿದಳು.

"ಏಳು ಗುಡ್ಡದ ಚಿಗುರು ಕಿತ್ತ ಕೈಯವಳೇ, ನನ್ನಕ್ಕಾ,
ಹೆರದ ಹೊಟ್ಟೆಯವಳೇ, ಹಾಲಿಲ್ಲದ ಎದೆಯವಳೇ!
ಮೈಯೆಲ್ಲ ಬೊಕ್ಕೆಯ ಅಮ್ಮ ಎದ್ದ ಕೂಸ ಹಡಗಿಗೆ ಹತ್ತಿಸರೆಂದು
ಶಿವಗಾಮಿ ನಿನ್ನ ಮಡಿಲಿಗೆ ಹಾಕಿ ಹೋದಳಲ್ಲೇ!"

ಯೋಗನಾಥನ ಮುಖದ ನಗು ಇನ್ನೂ ಹಾಗೇ ಇತ್ತು. ಶಿವಗಾಮಿ ಯಾರು? ಇಂಡಿಯಾಕ್ಕೆ ಹೋಗಿ ಎಂದು ಸರ್ಕಾರ ಜನರನ್ನು ರೈಲಿಗೆ ತುಂಬಿ ಕಳಿಸಿದ ಕಾಲದಲ್ಲಿ ಪಕ್ಕದ ಮನೆ ಖಾಲಿಯಾಯಿತಂತೆ, ಅಷ್ಟು ಕೇಳಿದ್ದ. ಅಂಗೈಯಡಿಯ ಕೈ ಕೊಸರಾಡುವುದನ್ನು ಬಿಟ್ಟು ಸುಮ್ಮನಾಗಿದ್ದು ಅವನಿಗೆ ಆಗ ತಿಳಿಯಿತು.

"ಕಡಲಾಚೆಯ ಮಂಡಪಂ ಶಿಬಿರದಿಂದ ಮೂರು ಕಾಗದ ಬಂತಲ್ಲೇ, ನನ್ನಕ್ಕಾ,
ಕೂಸು ಉಳಿದಿದ್ದರೆ ಕಳಿಸೇ ಎಂದು ಅತ್ತು ಬರೆಸಿದಳಲ್ಲೇ!
ಮೂರನ್ನೂ ಒಲೆಗಿಟ್ಟು ಗಂಜಿ ಕಾಯಿಸಿದೆಯಲ್ಲೇ,
ಆ ಗಂಜಿ ಕುಡಿಸಿ ಮಗನ ಮಾಡಿಕೊಂಡೆಯಲ್ಲೇ!"

ಹೊಗಳುತ್ತಿದ್ದಳು ಪಾಪ ಮರುದಾಯಿ. ಸತ್ತವರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಸಲ್ಲಿಸುತ್ತಿದ್ದಳು. ಕೊನೆಗೆ ಅಂಜಲೈಯ ಪಾದದ ಮೇಲೆ ಹಣೆ ಇಟ್ಟವಳು ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದಳು.

"ಕಾಲು ಬೆಚ್ಚಗಿದೆ ಕಣೋ! ಅಯ್ಯಯ್ಯೋ, ಬೆಚ್ಚಗಿದೆ!"

"ಸತ್ತಿಲ್ಲ ಅತ್ತೆ," ಎಂದ ಯೋಗನಾಥನ್. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಮುಖದ ಅಚ್ಚು ತೆಗೀತಾ ಇದ್ದೆ."

"ಥೂ ಪಾಪಿ! ಕೂತು ನೋಡ್ತಿದ್ದೀಯಲ್ಲೋ! ಹೆತ್ತ ತಾಯಿಗೆ ಯಾರಾದರೂ ಹಿಂಗೆ..." ಪೊರೆ ಬಂದ ಕಣ್ಣು ಅವನ ಕಡೆಗೊಮ್ಮೆ, ಚಾಪೆಯ ಕಡೆಗೊಮ್ಮೆ ಹೊರಳಿತು. "ಹಂಗಾದರೆ... ನಾನು ಹಾಡಿದ್ದು ಅವಳಿಗೆ ಕೇಳಿಸಿತಾ?"

"ಕೇಳಿಸಿರತ್ತೆ."

"ನೀನು?"

ಮರುದಾಯಿ ಕೋಲಿಗೆ ತಡಕಾಡಿದಳು. ಸಿಕ್ಕಮೇಲೆ ಚೆಲ್ಲಿದ ಪಲ್ಯವನ್ನು ತುಳಿದುಕೊಂಡೇ ಮೆಟ್ಟಿಲಿಳಿದು ಹೋದಳು.

ಇಪ್ಪತ್ತು ನಿಮಿಷ ಯಾವಾಗಲೋ ಆಗಿತ್ತು. ಬೆರಳಿನಿಂದ ತಟ್ಟಿ ನೋಡಿದ, ಅಚ್ಚು ಟಣ್ಣೆಂದಿತು. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ. ಬಾಯಿ ಮುಚ್ಚಿಸಿದವನು ತಾನೇ, ಕೈ ಒತ್ತಿ ಹಿಡಿದವನೂ ತಾನೇ. ಮೂರು ಕಾಗದ ಬರೆಸಿದವಳು ಇನ್ನೂ ಇದ್ದಾಳೋ ಇಲ್ಲವೋ, ಯಾರನ್ನು ಕೇಳುವುದು? ಬಟ್ಟೆಯ ಗಂಟು ಬಿಚ್ಚಿ, ಕಿವಿಯ ಬಳಿ ಅಚ್ಚಿನ ಅಂಚಿಗೆ ಬೆರಳು ಹಾಕಿದ.

ಅಂಜಲೈಯ ಕೈ ಮೇಲೆದ್ದು ಅವನ ಮಣಿಕಟ್ಟನ್ನು ಹಿಡಿಯಿತು.

"ಗಟ್ಟಿಯಾಯಿತಮ್ಮಾ. ತೆಗೀಬೇಕು."

ಕೈ ಬಿಡಲಿಲ್ಲ.

"ನಾನು ಏನೂ ಕೇಳಲ್ಲ," ಎಂದ. ಸುಳ್ಳು ಹೇಳಿದ. "ಏನೂ ಕೇಳಲ್ಲಮ್ಮಾ, ತೆಗೀಲಾ?"

ಹಿಡಿತ ಇನ್ನೂ ಬಿಗಿಯಾಯಿತು. ಅವನು ಅಂಚಿನಿಂದ ಬೆರಳು ತೆಗೆದು ಅವಳ ಪಕ್ಕದಲ್ಲೇ ಕೂತ. ಎರಡು ಕೊಳವೆಗಳಲ್ಲಿ ಉಸಿರು ಸುಯ್ ಸುಯ್ ಎಂದು ಹೋಗಿ ಬರುತ್ತಿತ್ತು.