ಗುರುಗಳ ಮಂಡಿ, ನನ್ನ ಬಾಯಿ

ನನ್ನ ಹೆಂಡತಿ ನನ್ನ ಮಾತು ಕೇಳುವುದಿಲ್ಲ. ಇದು ದೂರಲ್ಲ, ಯಾರಾದರೂ ಕೇಳಿದರೆ ನನ್ನ ಎತ್ತರ, ತೂಕ ಹೇಳುವುದಿಲ್ಲವೇ, ಅದೇ ಥರ ಇದನ್ನೂ ಹೇಳುತ್ತಿದ್ದೇನೆ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾಯಿತು. ಅವಳು ಕೇಳುವುದು ಗುರುಗಳ ಮಾತನ್ನು. ಅದೂ ಬದುಕಿರುವ ಗುರುಗಳ ಮಾತನ್ನು ಮಾತ್ರ.

ನಮ್ಮ ಪಂಥದಲ್ಲಿ ಈ ಬದುಕಿರುವುದು ಎಂಬುದೇ ಮುಖ್ಯ. ಹಿಂದಿನ ಆರು ಗುರುಗಳ ಉಪದೇಶಗಳು ದಪ್ಪ ದಪ್ಪ ಸಂಪುಟಗಳಾಗಿ ಎಲ್ಲರ ಮನೆಯ ಗಾಜಿನ ಕಪಾಟಿನಲ್ಲೂ ಇವೆ. ವಾರಕ್ಕೊಮ್ಮೆ ಧೂಳು ಒರೆಸುತ್ತೇವೆ, ತೆರೆಯುವುದಿಲ್ಲ. ತೀರಿಕೊಂಡವರು ಅವರ ಕಾಲದವರಿಗೆ ಹೇಳಿ ಹೋದರು; ನಮಗೆ ಹೇಳಲು ಉಸಿರಾಡುತ್ತಿರುವವರು ಒಬ್ಬರಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಅವರೊಂದು ಹಿತವಚನ ಹೇಳುತ್ತಾರೆ. ಮುಂದಿನ ಭಾನುವಾರದೊಳಗೆ ಅದು ನಾನೂರು ಮನೆಗಳಲ್ಲಿ ಜಾರಿಗೆ ಬಂದಿರಬೇಕು. ಬಂದಿದೆಯೋ ಇಲ್ಲವೋ ಎಂದು ನೋಡಲು ಯಾರನ್ನೂ ನೇಮಿಸಿಲ್ಲ. ಅಕ್ಕಪಕ್ಕದ ಮನೆಯವರಿದ್ದಾರಲ್ಲ, ಸಾಕು.

ನಾನು ಫಿಸಿಯೋಥೆರಪಿ ಮಾಡುವವನು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಎರಡು ಮಂಚ, ಎಲ್ಲಿಗೂ ಹೋಗದ ಒಂದು ಸೈಕಲ್, ಗೋಡೆಯ ಮೇಲೆ ರಾಟೆ ಮತ್ತು ಹಗ್ಗ. ಮಂಡಿ ಡಾಕ್ಟ್ರು ಎಂದೇ ಎಲ್ಲರೂ ಕರೆಯುತ್ತಾರೆ. ನಮ್ಮ ಕಸುಬಿನಲ್ಲಿ ಕೈಗೆಷ್ಟು ಕೆಲಸವೋ ಬಾಯಿಗೂ ಅಷ್ಟೇ ಕೆಲಸ. ಆಪರೇಷನ್ ಆದ ಮಂಡಿಯನ್ನು ಮಡಿಸುವಾಗ ಪ್ರಾಣ ಹೋಗುವಷ್ಟು ನೋವಾಗುತ್ತದೆ. ಆಗ ನಾವು ಸುಮ್ಮನಿದ್ದರೆ ರೋಗಿಯ ಗಮನವೆಲ್ಲ ಮಂಡಿಯ ಮೇಲೇ ಇರುತ್ತದೆ. ಅದಕ್ಕೇ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋಗಬೇಕು.

ಹೋದ ವರ್ಷ ಗುರುಗಳು ಬಲ ಮಂಡಿ ಬದಲಾಯಿಸಿಕೊಂಡರು. ವ್ಯಾಯಾಮ ಮಾಡಿಸಲು ನನಗೇ ಕರೆ ಬಂತು. ಅವತ್ತು ನನ್ನಾಕೆ ಮೊಟ್ಟಮೊದಲ ಬಾರಿಗೆ ನನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು.

ವಾರಕ್ಕೆ ಮೂರು ಬೆಳಿಗ್ಗೆ ಹೋಗುತ್ತಿದ್ದೆ. ಮಹಡಿಯ ಕೋಣೆಯ ಬಾಗಿಲು ಹಾಕಿದರೆ ಒಳಗೆ ನಾವಿಬ್ಬರೇ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿಸುತ್ತಿದ್ದೆ, ಹತ್ತು ಎಣಿಸುತ್ತಿದ್ದೆ, ಆಮೇಲೆ ಮಡಿಸುತ್ತಿದ್ದೆ. ಶುರುವಿನಲ್ಲಿ ಎಪ್ಪತ್ತು ಡಿಗ್ರಿಗೇ ಗುರುಗಳ ಕಣ್ಣಲ್ಲಿ ನೀರು.

"ಏನಾದ್ರೂ ಹೇಳ್ತಾ ಇರಿ ಡಾಕ್ಟ್ರೇ, ಗಮನ ಆ ಕಡೆ ಹೋಗ್ಲಿ" ಎಂದರು, ಹಲ್ಲು ಕಚ್ಚಿಕೊಂಡು.

ಹೇಳಿದೆ. ಜನ ಎರಡೆರಡು ದಿಂಬು ಹಾಕಿಕೊಂಡು ಮಲಗಿ ಕುತ್ತಿಗೆ ಹಾಳು ಮಾಡಿಕೊಳ್ಳುತ್ತಾರೆ, ನನ್ನ ಮನೆಯಲ್ಲೇ ಒಬ್ಬಳಿದ್ದಾಳೆ, ಎಷ್ಟು ಹೇಳಿದರೂ ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದೆ. ಗುರುಗಳು ಮುಲುಗಿದರು. ಅಷ್ಟಕ್ಕೆ ಅದು ಮುಗಿಯಿತು ಅಂದುಕೊಂಡಿದ್ದೆ.

ಭಾನುವಾರ ಗುರುಗಳು ಕೋಲೂರಿಕೊಂಡು ಪೀಠಕ್ಕೆ ಬಂದರು. ಕಣ್ಣು ಮುಚ್ಚಿದರು, ತೆರೆದರು. "ಎರಡು ದಿಂಬಿನ ಮೇಲೆ ತಲೆ ಇಡುವವನು ತನ್ನ ಅಹಂಕಾರವನ್ನು ಎತ್ತರದಲ್ಲಿಟ್ಟು ಮಲಗುತ್ತಾನೆ. ಒಂದೇ ದಿಂಬಿರಲಿ" ಎಂದರು. ಸಭೆಯಲ್ಲಿ ನಿಟ್ಟುಸಿರಿನ ಅಲೆಯೇ ಎದ್ದಿತು. ಮನೆಗೆ ಬಂದವಳೇ ನನ್ನಾಕೆ ಮೇಲಿನ ದಿಂಬನ್ನು ಅಟ್ಟಕ್ಕೆಸೆದಳು. ಹದಿನೈದು ದಿನದಲ್ಲಿ ಅವಳ ಕುತ್ತಿಗೆ ನೋವು ಮಾಯ.

"ನೋಡಿದ್ರಾ? ಯಾರಾದ್ರೂ ಮೊದ್ಲೇ ಹೇಳಿದ್ರೆ ಇಷ್ಟು ವರ್ಷ ಯಾಕೆ ಒದ್ದಾಡ್ತಿದ್ದೆ!" ಎಂದಳು. ಇಷ್ಟು ವರ್ಷ ಹೇಳಿದವನು ನಾನೇ. ಅದನ್ನು ನೆನಪಿಸಿಯೂ ಪ್ರಯೋಜನವಿರಲಿಲ್ಲ ಅನ್ನಿ.

ಕಾಕತಾಳೀಯ ಇರಬಹುದೆಂದು ಪರೀಕ್ಷೆ ಮಾಡಿದೆ. ಆಗ ನಮ್ಮ ಮನೆಯ ಸೋಫಾದ ಮೇಲೆ ನನ್ನ ಭಾವಮೈದುನ ಐದು ವಾರದಿಂದ ಬೀಡುಬಿಟ್ಟಿದ್ದ. ಮೂರು ದಿನಕ್ಕೆಂದು ಬಂದವನು. ಟಿವಿ ರಿಮೋಟು ಅವನ ಕೈಯ ಒಂದು ಅಂಗವೇ ಆಗಿಹೋಗಿತ್ತು. ಎಂಬತ್ತೈದು ಡಿಗ್ರಿಯಲ್ಲಿ ಗುರುಗಳ ಕಾಲು ಹಿಡಿದು ಆ ಕಥೆಯನ್ನೆಲ್ಲ ತೋಡಿಕೊಂಡೆ. ಭಾನುವಾರದ ಹಿತವಚನ: "ಅತಿಥಿ ನಾಲ್ಕನೆಯ ದಿನ ಮನೆಯವನಾಗುತ್ತಾನೆ. ಮನೆಯವನಾದವನು ಪಾತ್ರೆ ತೊಳೆಯಬೇಕು." ಸೋಮವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಸೋಫಾ ಖಾಲಿ.

ಸುಳ್ಳೇಕೆ ಹೇಳಲಿ, ನಾನು ಉಬ್ಬಿಹೋದೆ. ಸ್ವಂತ ಮನೆಯಲ್ಲಿ ಫ್ಯಾನಿನ ವೇಗ ಕೂಡ ನನ್ನ ಕೈಲಿಲ್ಲ, ಇಲ್ಲಿ ನಾನೂರು ಮನೆ ಆಳುತ್ತಿದ್ದೇನೆ! ಊಟದ ಹೊತ್ತಿನಲ್ಲಿ ಫೋನು, ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ, ಹಾರ್ನು ಬಾರಿಸುವ ಚಾಳಿ, ಒಂದೊಂದನ್ನೇ ವಿಚಾರಿಸಿಕೊಂಡೆ. ಗುರುಗಳು ಅದಕ್ಕೊಂದು ಅಲಂಕಾರ ಸೇರಿಸಿ ಭಾನುವಾರ ಹೊರಗೆ ಬಿಡುತ್ತಿದ್ದರು. ಸಭೆ ತಲೆದೂಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನನ್ನಾಕೆ ತೂಗುತ್ತಿದ್ದಳು.

ಇಲ್ಲಿ ನನ್ನ ಮಗಳ ವಿಷಯ ಹೇಳಬೇಕು. ಇಪ್ಪತ್ಮೂರು ವರ್ಷ. ಕೃತಕ ಕಾಲು ಮಾಡುವ ವಿದ್ಯೆ ಓದಿ ಬಂದು ನನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಚಪ್ಪಟೆ ಪಾದದವರಿಗೆ ಚಪ್ಪಲಿಯೊಳಗಿಡುವ ಅಟ್ಟೆ ಕತ್ತರಿಸುತ್ತಿದ್ದಳು. ನನ್ನಾಕೆಯ ಭಕ್ತಿ ಪಕ್ಕದ ಮನೆಗೆ ಕೇಳಿಸುವಷ್ಟು ಗಟ್ಟಿ. ಮಗಳದು ಸದ್ದೇ ಇಲ್ಲದ ಭಕ್ತಿ. ಹಿತವಚನ ಕಷ್ಟವೆನಿಸಿದರೂ ಮುಖ ಸಿಂಡರಿಸದೆ ನಡೆಸುವವಳು ಮನೆಯಲ್ಲಿ ಅವಳೊಬ್ಬಳೇ. ನನಗೆ ಅವಳನ್ನು ಕಂಡರೆ ಹೆಮ್ಮೆ, ಸ್ವಲ್ಪ ಭಯ ಕೂಡ.

ಒಂದು ಗುರುವಾರ ಸಂಜೆ ಅವಳು ಮೇಜಿನ ಮೇಲೆ ಒಂದು ಪತ್ರ ಇಟ್ಟಳು. ಒಂದು ದಿನದ ರೈಲು ಪ್ರಯಾಣದಷ್ಟು ದೂರದ ದೊಡ್ಡ ಆಸ್ಪತ್ರೆ. ಮಕ್ಕಳಿಗೆ ಕಾಲು ಮಾಡಿಕೊಡುವ ವಿಭಾಗದಲ್ಲಿ ಎರಡು ವರ್ಷದ ತರಬೇತಿ, ಆಮೇಲೆ ಅಲ್ಲೇ ಕೆಲಸ. ಅರ್ಜಿ ಹಾಕಿದವರು ಮುನ್ನೂರು, ಆರಿಸಿದ್ದು ಆರು ಜನರನ್ನು. ಎರಡು ವಾರದಲ್ಲಿ ಸೇರಬೇಕು.

"ಮಕ್ಕಳು ಬೆಳೀತಾ ಇರ್ತಾರಲ್ಲಪ್ಪಾ, ಆರಾರು ತಿಂಗಳಿಗೆ ಹೊಸ ಕಾಲು ಬೇಕಾಗತ್ತೆ. ಅದನ್ನ ಮಾಡೋರೇ ಕಡಿಮೆ" ಎಂದಳು. ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನಗೆ ಕಾಣಿಸಿದ್ದು ಮಾತ್ರ ನನಗೆ ಹೇಳದೆ ಅರ್ಜಿ ಹಾಕಿದ್ದಾಳೆ ಎಂಬುದು. ಅವಳು ಹೋದ ಮೇಲೆ ಆ ಹಿಂದಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ ಎಂಬುದು. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. "ಸರಿ, ಹೋಗು" ಎಂದು ಊಟ ಬಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಆ ಕೆಂಡವನ್ನು ಹೊತ್ತುಕೊಂಡೇ ಗುರುಗಳ ಕೋಣೆಗೆ ಹೋದೆ. ಮಂಡಿ ಮಡಿಸುತ್ತಾ ಬಾಯಿ ಬಿಟ್ಟೆ. ಈ ಕಾಲದ ಹೆಣ್ಣುಮಕ್ಕಳು! ಅಪ್ಪ ಅಮ್ಮ ಇದ್ದಾರೆ ಅನ್ನುವುದೇ ನೆನಪಿಲ್ಲ. ಮಗಳು ಅಂದರೆ ಮನೆಗೆ ಮಂಡಿಚಿಪ್ಪಿದ್ದ ಹಾಗೆ, ಜಾಗ ಬಿಟ್ಟು ಜಾರಿದರೆ ಇಡೀ ಕಾಲು ಕುಸಿಯುತ್ತದೆ. ಮದುವೆಯಾಗುವ ತನಕ ಕಣ್ಣೆದುರೇ ಇಟ್ಟುಕೊಳ್ಳಬೇಕು. ಹೀಗೇ ಏನೇನೋ. ಸಿಟ್ಟಿನಲ್ಲಿ ಕೈಯೂ ಬಿಗಿಯಾಯಿತು, ಆವತ್ತು ನೂರು ಡಿಗ್ರಿ ದಾಟಿಸಿಬಿಟ್ಟೆ. ಗುರುಗಳು ಚೀರಿದ್ದು ಕೆಳಗಿನವರಿಗೂ ಕೇಳಿಸಿತಂತೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಸಿಟ್ಟೆಲ್ಲ ಇಳಿದಿತ್ತು. ನನ್ನ ಸಿಟ್ಟಿನ ಆಯಸ್ಸೇ ಅಷ್ಟು. ಪೇಟೆಗೆ ಹೋಗಿ ಮಗಳಿಗೆ ನೀಲಿ ಬಣ್ಣದ ಸೂಟ್‌ಕೇಸ್ ತಂದೆ. ಅವಳು ನಕ್ಕಳು. ನನ್ನಾಕೆ ಕೂಡ ಮೂಗೆಳೆಯುತ್ತಾ ಬಟ್ಟೆ ಮಡಿಸಿಡಲು ಶುರುಮಾಡಿದಳು. ಶುಕ್ರವಾರದ ಮಾತು ನನಗೆ ನೆನಪೇ ಇರಲಿಲ್ಲ.

ಭಾನುವಾರ ನೆನಪಾಯಿತು. ಗುರುಗಳು ಕಣ್ಣು ಮುಚ್ಚಿದರು, ತೆರೆದರು.

"ಮಗಳು ಮನೆಗೆ ಮಂಡಿಚಿಪ್ಪಿನಂತೆ. ಜಾಗ ಬಿಟ್ಟು ಜಾರಿದರೆ ಇಡೀ ಕಾಲು ಕುಸಿಯುತ್ತದೆ. ಮದುವೆಯಾಗುವವರೆಗೆ ಆಕೆ ಹೆತ್ತವರ ಕಣ್ಣೆದುರೇ ಇರಲಿ. ದೂರ ಹೋದ ಮಗಳ ಕೈಗೆ ಎಷ್ಟು ವಿದ್ಯೆ ಬಂದರೂ, ಹೆತ್ತವರ ಪಾಲಿಗೆ ಅದು ಸತ್ತ ಕೈ."

ಸತ್ತ ಕೈ ಎಂಬುದು ನನ್ನದಲ್ಲ, ಗುರುಗಳ ಅಲಂಕಾರ. ಉಳಿದದ್ದೆಲ್ಲ ನನ್ನದೇ, ಒಂದಕ್ಷರ ಆಚೀಚೆಯಿಲ್ಲ. ಹೆಂಗಸರ ಸಾಲಿನ ಕಡೆ ನೋಡಿದೆ. ಮಗಳು ಮಡಿಲಲ್ಲಿದ್ದ ತನ್ನ ಎರಡು ಕೈಗಳನ್ನೇ ನೋಡುತ್ತಾ ಕೂತಿದ್ದಳು.

ಮನೆಗೆ ಬಂದು ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಬೀರುವಿಗೆ ಇಟ್ಟಳು. "ಗುರುಗಳು ಹೇಳಿದಾರಲ್ಲಪ್ಪಾ" ಎಂದಳು, ಅಷ್ಟೇ. ಸೂಟ್‌ಕೇಸು ಅಟ್ಟ ಸೇರಿತು.

ನಾನು ಗಾಜಿನ ಕಪಾಟು ತೆರೆದೆ. ಕೀಲು ಕಿರುಗುಟ್ಟಿತು. ಮಧ್ಯಾಹ್ನವೆಲ್ಲ ಹುಡುಕಿ ನಾಲ್ಕನೆಯ ಗುರುಗಳ ಸಂಪುಟದಲ್ಲಿ ಒಂದು ಪುಟ ಹಿಡಿದೆ: ಗಂಡಾಗಲಿ ಹೆಣ್ಣಾಗಲಿ, ಕಲಿಯುವುದಕ್ಕೆ ಎಷ್ಟು ದೂರ ಹೋಗಬೇಕಾದರೂ ಹೋಗಲಿ. ಓಡಿಹೋಗಿ ನನ್ನಾಕೆಗೆ ತೋರಿಸಿದೆ.

"ಅವರು ತೀರಿಕೊಂಡ್ರಲ್ಲ" ಎಂದಳು.

"ಹೇಳುವಾಗ ಬದುಕಿದ್ರು ಕಣೇ!"

"ಈಗ ಇಲ್ವಲ್ಲ. ಪುಸ್ತಕ ಒಳಗಿಡಿ, ಹಾಳೆ ಉದುರತ್ತೆ."

ಸೋಮವಾರ ಗುರುಗಳ ಮುಂದೆ ಕೈಕಟ್ಟಿ ನಿಂತು ತಪ್ಪೊಪ್ಪಿಕೊಂಡೆ. ಅದು ನಾನು ಸಿಟ್ಟಿನಲ್ಲಿ ಆಡಿದ ಮಾತು, ದಿಂಬಿನದ್ದೂ ನನ್ನದೇ, ಪಾತ್ರೆಯದ್ದೂ ನನ್ನದೇ, ದಯವಿಟ್ಟು ಇದೊಂದನ್ನು ವಾಪಸ್ ತಗೊಳ್ಳಿ ಎಂದೆ. ಗುರುಗಳು ನನ್ನನ್ನು ಕನಿಕರದಿಂದ ನೋಡಿದರು. ಅವರಿಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ, ಅದೇ ನನಗೆ ಉರಿಯಿತು.

"ನೀವು ಏನೇನೋ ಹೇಳ್ತಾ ಇರ್ತೀರಿ ಡಾಕ್ಟ್ರೇ. ಕಾಲು ಆ ಪರಿ ನೋಯೋವಾಗ ಅದೆಲ್ಲ ಯಾರಿಗೆ ಕೇಳ್ಸತ್ತೆ? ಆದ್ರೆ ಒಂದು ಆಶ್ಚರ್ಯ. ನೋವು ತುದಿಗೆ ಹೋದಾಗ ನನಗೆ ಒಳಗಿಂದ ಒಂದು ಧ್ವನಿ ಬರತ್ತೆ. ಸ್ಪಷ್ಟವಾಗಿ."

"ಅದು ನನ್ನ ಧ್ವನಿ ಗುರುಗಳೇ!"

"ಇಲ್ಲ ಇಲ್ಲ" ಎಂದು ನಕ್ಕರು. "ಅದು ತುಂಬಾ ಗಂಭೀರವಾಗಿರತ್ತೆ."

ಸರಿ, ಒಳಗಿನ ಧ್ವನಿಯನ್ನೇ ಬಳಸಿಕೊಳ್ಳೋಣ ಎಂದು ಟವೆಲ್ ಸುತ್ತಿ ಶುರುಮಾಡಿದೆ. ಹೆಣ್ಣುಮಕ್ಕಳನ್ನು ದೂರ ಕಳಿಸಬೇಕು, ಕಳಿಸದ ಅಪ್ಪ ಮೂರ್ಖ ಎಂದು ಗಂಟಲು ಹರಿಯುವಂತೆ ಹೇಳಿದೆ. ಏನು ಹೇಳಲಿ ನನ್ನ ಗ್ರಹಚಾರ, ಮಂಡಿ ಗುಣವಾಗಿತ್ತು! ನೂರೈದಕ್ಕೂ ನೋವಿಲ್ಲ. ಶುಕ್ರವಾರ ಸಿಟ್ಟಿನಲ್ಲಿ ನೂರು ದಾಟಿಸಿದ ಮೇಲೆ ಬಿಗಿತವೇ ಬಿಟ್ಟುಹೋಗಿತ್ತು, ನಾನೇ ಗುಣಪಡಿಸಿದ್ದು. ನೋವಿಲ್ಲದ ಗುರುಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. "ಅದು ನಿಮ್ಮ ಅಭಿಪ್ರಾಯ" ಎಂದರು, ತಣ್ಣಗೆ.

ಇನ್ನೊಂದು ಹತ್ತು ಡಿಗ್ರಿ ಒತ್ತಿದರೆ ನೋವಾಗುತ್ತದೆ. ಧ್ವನಿ ಬರುತ್ತದೆ. ಮಗಳು ಹೋಗುತ್ತಾಳೆ. ಕೈ ಬಿಗಿಹಿಡಿದೆ, ಒತ್ತಿದೆ ಕೂಡ. ಮುದುಕರ ಬೆರಳುಗಳು ಹಾಸಿಗೆಯ ಬಟ್ಟೆಯನ್ನು ಗಪ್ಪನೆ ಹಿಡಿದುಕೊಂಡವು. ಎಲ್ಲ ರೋಗಿಗಳ ಬೆರಳುಗಳೂ ಹಾಗೇ ಹಿಡಿದುಕೊಳ್ಳುತ್ತವೆ. ನನ್ನಿಂದಾಗಲಿಲ್ಲ, ಕಾಲು ಇಳಿಸಿದೆ. ಮುಂದಿನ ಭಾನುವಾರದ ಹಿತವಚನ ಬಾಗಿಲಿಗೆ ಎಣ್ಣೆ ಬಿಡುವುದರ ಬಗ್ಗೆ ಇತ್ತು, ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ.

ಮಗಳು ಸೇರಬೇಕಾದ ದಿನಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಅವಳು ಹಿಂದಿನ ಕೋಣೆಯಲ್ಲಿ ಅಟ್ಟೆ ಕತ್ತರಿಸುತ್ತಿದ್ದಳು. ಒಮ್ಮೆ ಇಣುಕಿದಾಗ ಕತ್ತರಿ ಕೆಳಗಿಟ್ಟು ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆ ಸಂಜೆ ಊಟಕ್ಕೆ ಕೂತಾಗ ತಾಯಿ ಮಗಳಿಬ್ಬರ ಮುಂದೆಯೂ ಎಲ್ಲವನ್ನೂ ಹೇಳಿಬಿಟ್ಟೆ.

ನನ್ನಾಕೆ ಸೌಟು ಕೆಳಗಿಟ್ಟಳು. "ನಾಚಿಕೆ ಆಗಲ್ವೇನ್ರೀ? ಗುರುಗಳ ಮಾತನ್ನ ನನ್ನದು ಅಂತೀರಲ್ಲ! ಇಪ್ಪತ್ನಾಲ್ಕು ವರ್ಷದಿಂದ ನಿಮ್ಮ ಜೊತೆ ಇದೀನಿ. ಅಷ್ಟು ತೂಕದ ಮಾತು ನಿಮ್ಮ ಬಾಯಲ್ಲಿ ಬರತ್ತಾ?"

ಮಗಳು ತಾಯಿಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಚಿಪ್ಪಿನ ಮಾತು ಅಪ್ಪಂದೇ ಅಮ್ಮಾ. ಕಾಲು ಕುಸಿಯತ್ತೆ ಅಂತ ದಿನಾ ಪೇಷೆಂಟ್‌ಗಳಿಗೆ ಹೇಳ್ತಾರೆ. ಅವತ್ತು ಸಭೇಲೇ ನನಗೆ ಹಾಗನ್ನಿಸ್ತು. ಗುರುಗಳ ಮೇಲೆ ಅನುಮಾನ ಪಟ್ನಲ್ಲಾ ಅಂತ ನನ್ನನ್ನೇ ಬೈಕೊಂಡೆ."

ಆಮೇಲೆ ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ಗುರುಗಳ ಮಾತು ಮೀರಿ ನಾನು ಹೋಗಲ್ಲಪ್ಪಾ. ಅದಕ್ಕೇ ಸರಿಯಾಗಿ ಹೇಳಿ. ಅಷ್ಟೂ ನಿಮ್ಮ ಮಾತೇನಾ?"

"ಅಷ್ಟೂ ನಂದೇ."

"ನನ್ನನ್ನ ನೆನೆಸ್ಕೊಂಡೇ ಅಂದಿದ್ದಾ?"

"ಹೂಂ."

ಅವಳು ಒದ್ದೆ ಅಂಗೈಗಳನ್ನು ಒರೆಸಿಕೊಂಡಳು. "ಸತ್ತ ಕೈ ಅಂತ ಅಂದಿದ್ದು?"

ಅದೊಂದು ನನ್ನದಾಗಿರಲಿಲ್ಲ. ದೇವರಾಣೆ ನನ್ನ ಬಾಯಿಂದ ಅದು ಬಂದಿರಲಿಲ್ಲ, ಎಂಥ ಸಿಟ್ಟಿನಲ್ಲೂ ಬರುವಂಥದ್ದಲ್ಲ. ಆದರೆ ಗುರುಗಳ ಪಾಲು ಒಂದು ಕೂದಲೆಳೆಯಷ್ಟು ಉಳಿದರೂ ಈ ಹುಡುಗಿ ಹೊಸಿಲು ದಾಟುವವಳಲ್ಲ. ನನ್ನ ಮಗಳನ್ನು ನಾನು ಬಲ್ಲೆ.

"ಅದೂ ನಾನೇ ಅಂದಿದ್ದು" ಎಂದೆ.

"ಹಾಗಾದ್ರೆ ಹೋಗ್ತೀನಿ" ಎಂದಳು. ಸ್ಟೂಲು ಎಳೆದುಕೊಂಡು ಅಟ್ಟಕ್ಕೆ ಕೈ ಚಾಚಿದಳು. ಸೂಟ್‌ಕೇಸು ಇಳಿಸಿಕೊಡಲು ನಾನು ಎದ್ದೆ. ಬೇಡ, ನಾನೇ ತಗೋತೀನಿ ಎಂದಳು.